ಯಾರಿಗೆ ಎಷ್ಟು, ಯಾವಾಗ? ಕಂಪ್ಯೂಟರ್ ಒಳಗಿನ ಪಾಲಿನ ಲೆಕ್ಕ

2023ರ ಅಕ್ಟೋಬರ್ ಕೊನೆಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ 6.6ನೇ ಆವೃತ್ತಿ ಹೊರಬಂತು. ಪ್ರೊಸೆಸರ್‌ನ ಸಮಯ ಯಾವ ಕೆಲಸಕ್ಕೆ, ಯಾವಾಗ ಸಿಗಬೇಕು ಅಂತ ತೀರ್ಮಾನಿಸುವ ಭಾಗಕ್ಕೆ ಶೆಡ್ಯೂಲರ್ ಎನ್ನುತ್ತಾರೆ. ಸಿಎಫ್‌ಎಸ್ ಹೆಸರಿನಲ್ಲಿ ಹದಿನಾರು ವರ್ಷ ನಡೆದುಕೊಂಡು ಬಂದಿದ್ದ ಆ ಭಾಗ ಈ ಆವೃತ್ತಿಯಲ್ಲಿ ಬದಲಾಯಿತು. ಅದರ ಜಾಗಕ್ಕೆ ಬಂದ ಉಪಾಯ ಮಾತ್ರ ಅದಕ್ಕಿಂತಲೂ ಹಳೆಯದು. 1995ರಲ್ಲಿ ಅಮೆರಿಕದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದಲ್ಲಿ ಇಯೋನ್ ಸ್ಟೊಯಿಕಾ ಮತ್ತು ಹುಸೇನ್ ಅಬ್ದೆಲ್-ವಹಾಬ್ ಬರೆದ ವರದಿಯಲ್ಲಿ ಅದಿತ್ತು. ಹೆಸರು ಇಇವಿಡಿಎಫ್.

ಇಂಥ ಹಂಚಿಕೆ ವಿಧಾನಗಳ ಬಗ್ಗೆ ಓದಹೊರಟರೆ ಇಇವಿಡಿಎಫ್, ಸಿಎಫ್‌ಎಸ್, ಡಿಆರ್‌ಎಫ್ ಅಂತ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಯಾವುದು ಪ್ರೊಸೆಸರ್‌ಗೆ, ಯಾವುದು ಸಾವಿರಾರು ಸರ್ವರ್‌ಗಳ ಗುಂಪಿಗೆ ಅನ್ನುವುದೇ ಗೊಂದಲ. ಆದರೆ ಬೇರು ಒಂದೇ. ಇರುವುದನ್ನು ಹಲವರು ಹಂಚಿಕೊಳ್ಳಬೇಕಾದಾಗ ನ್ಯಾಯವಾದ ಪಾಲು ಯಾವುದು?

1961ರಲ್ಲಿ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವುದನ್ನು ತೋರಿಸಿತು. 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಅದೇ ಪ್ರಶ್ನೆಯನ್ನು ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯ ತುಣುಕುಗಳ, ಅಂದರೆ ಪ್ಯಾಕೆಟ್‌ಗಳ ಬಗ್ಗೆ ಕೇಳಿದರು. 1994ರಲ್ಲಿ ವಾಲ್ಡ್‌ಸ್ಪರ್ಗರ್ ಮತ್ತು ವೈಲ್ ಪ್ರೊಸೆಸರ್ ಸಮಯಕ್ಕೆ ಲಾಟರಿ ಎತ್ತುವ ವಿಧಾನ ತಂದರು. ಲಾಟರಿ ಸರಳ. ದಿನಪೂರ್ತಿ ಎತ್ತಿದರೆ ಎಲ್ಲರಿಗೂ ಅವರವರ ಪಾಲು ಬಂದೇ ಬರುತ್ತದೆ. ಆದರೆ ಈ ಕ್ಷಣಕ್ಕೆ ಯಾರ ಹೆಸರು ಬರುತ್ತದೆ ಅನ್ನುವುದು ಅದೃಷ್ಟ.

ಸ್ಟೊಯಿಕಾ ಮತ್ತು ಅಬ್ದೆಲ್-ವಹಾಬ್ ಅದೃಷ್ಟದ ಬದಲು ಖಾತೆ ಪುಸ್ತಕ ಇಟ್ಟರು. ಪ್ರತಿ ಕೆಲಸಕ್ಕೂ ಬರಬೇಕಾದ ಸಮಯ ಎಷ್ಟು, ಬಂದದ್ದು ಎಷ್ಟು, ಬಾಕಿ ಎಷ್ಟು. ತನ್ನ ಪಾಲಿಗಿಂತ ಜಾಸ್ತಿ ಈಗಾಗಲೇ ಪಡೆದಿರುವ ಕೆಲಸ ಸಾಲಿನಿಂದ ಹೊರಗೆ ಕಾಯಬೇಕು. ಉಳಿದವುಗಳಲ್ಲಿ ಯಾವುದರ ಗಡುವು ಮೊದಲು ಬರುತ್ತದೋ ಅದಕ್ಕೆ ಮೊದಲ ಸರದಿ. ಗಡುವು ಹೇಗೆ ಬರುತ್ತದೆ? ಪಾಲು ಸಮನಾಗಿದ್ದರೆ, ಒಂದು ಸಲಕ್ಕೆ ಕಡಿಮೆ ಸಮಯ ಕೇಳಿದ ಕೆಲಸಕ್ಕೆ ಗಡುವು ಬೇಗ ಬರುತ್ತದೆ. ಕಾಲುವೆ ನೀರಿನ ಸರದಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಇಬ್ಬರು ರೈತರಿಗೆ ವಾರಕ್ಕೆ ಎರಡೆರಡು ಗಂಟೆ ನೀರು. ಒಬ್ಬರಿಗೆ ಗದ್ದೆ ತುಂಬಿಸಲು ಒಂದೇ ಸಲ ಬೇಕು. ಇನ್ನೊಬ್ಬರಿಗೆ ಸಸಿಮಡಿಗೆ ದಿನಾ ಸ್ವಲ್ಪ ಸ್ವಲ್ಪ ಬೇಕು. ಒಟ್ಟು ನೀರು ಅಷ್ಟೇ, ಆದರೆ ಸಸಿಮಡಿಯವರಿಗೆ ಏಳು ದಿನ ಕಾಯಿಸಿ ಎರಡು ಗಂಟೆ ಬಿಟ್ಟರೆ ಆ ಪಾಲಿನಿಂದ ಏನು ಪ್ರಯೋಜನ? ಹಾಡು ನುಡಿಸುವ ಪ್ರೋಗ್ರಾಂ ಈ ಸಸಿಮಡಿಯ ಹಾಗೆ. ಅದಕ್ಕೆ ಬೇಕಾದ ಸಮಯ ತೀರಾ ಕಡಿಮೆ, ಆದರೆ ಬೇಕಾದಾಗ ಸಿಗದಿದ್ದರೆ ಹಾಡು ತಡವರಿಸುತ್ತದೆ.

ವರದಿ ಪ್ರಕಟವಾಯಿತು, ಸಂಶೋಧಕರು ಓದಿದರು. ನಾವು ನೀವು ಬಳಸುವ ಯಂತ್ರಗಳಿಗೆ ಅದು ಬರಲಿಲ್ಲ.

ಲಿನಕ್ಸ್ ಲೋಕದಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. ಶೆಡ್ಯೂಲರ್ ದೊಡ್ಡ ಸರ್ವರ್‌ಗಳಲ್ಲಿ ಚೆನ್ನಾಗಿ ಓಡುತ್ತಿದ್ದರೂ ಮನೆಯ ಕಂಪ್ಯೂಟರ್ ತಡವರಿಸುತ್ತದೆ ಅಂತ ಜನ ಹೇಳುತ್ತಲೇ ಇದ್ದರು. ಅದನ್ನು ಹಟ ಹಿಡಿದು ಹೇಳಿದವರು ಆಸ್ಟ್ರೇಲಿಯಾದ ಕಾನ್ ಕೊಲಿವಾಸ್. ವೃತ್ತಿಯಲ್ಲಿ ಅವರು ಅರಿವಳಿಕೆ ವೈದ್ಯರು. 2007ರ ಮಾರ್ಚ್‌ನಲ್ಲಿ ನ್ಯಾಯವಾದ ಹಂಚಿಕೆಯ ಶೆಡ್ಯೂಲರನ್ನು ಬರೆದು ತೋರಿಸಿದರು. ಮುಂದಿನ ತಿಂಗಳು ಲಿನಕ್ಸ್ ಕರ್ನಲ್ ಬರೆಯುವ ಇಂಗೋ ಮೊಲ್ನಾರ್ ಅದೇ ದಿಕ್ಕಿನ ಸಿಎಫ್‌ಎಸ್ ಶೆಡ್ಯೂಲರ್ ತಂದರು, ದಾರಿ ತೋರಿದ್ದು ಕೊಲಿವಾಸ್ ಅಂತ ಬರೆದೂ ಬರೆದರು. ಆ ಅಕ್ಟೋಬರ್‌ನಲ್ಲಿ ಲಿನಕ್ಸ್ 2.6.23 ಸೇರಿದ್ದು ಸಿಎಫ್‌ಎಸ್. ಅಷ್ಟರಲ್ಲಿ ಕೊಲಿವಾಸ್ ಕರ್ನಲ್ ಕೆಲಸವನ್ನೇ ಬಿಟ್ಟಿದ್ದರು. ಯಾವ ಕೋಡ್ ಮೇಲು ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ನನಗೆ ಬೇಸರ ತರುವುದು ಬೇರೆ. ಬಳಸುವವರು ವರ್ಷಗಟ್ಟಲೆ ಹೇಳಿದ ತೊಂದರೆಗೆ ಕಿವಿಗೊಡಲು ಅಷ್ಟು ಕಾಲ ಬೇಕಾಯಿತು.

ಈ ಹೊತ್ತಿಗೆ ಸ್ಟೊಯಿಕಾ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ನಡುವೆ 2001ರಲ್ಲಿ, ಸಾವಿರಾರು ಯಂತ್ರಗಳಲ್ಲಿ ಚದುರಿದ ಮಾಹಿತಿಯನ್ನು ಹುಡುಕುವ 'ಕಾರ್ಡ್' ಎಂಬ ವಿಧಾನದಲ್ಲೂ ಅವರ ಕೈಯಿತ್ತು. ಈಗ ಪಾಲಿನ ಪ್ರಶ್ನೆ ಮತ್ತೆ ಬಂತು, ಆದರೆ ಒಂದು ಪ್ರೊಸೆಸರ್‌ಗೆ ಬದಲಾಗಿ ಯಂತ್ರಗಳ ದೊಡ್ಡ ಹಿಂಡಿಗೆ. ಈ ಕಥೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ.

ಆಗ ಹಡೂಪ್‌ನ ಕಾಲ. ಮಾಹಿತಿಯ ದೊಡ್ಡ ರಾಶಿಯನ್ನು ಹಲವು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ಸಾಫ್ಟ್‌ವೇರ್ ಅದು. ಪ್ರತಿ ಯಂತ್ರವನ್ನು 'ಸ್ಲಾಟ್' ಎಂಬ ಒಂದೇ ಅಳತೆಯ ತುಂಡುಗಳಾಗಿ ಮಾಡಿ ಹಂಚುತ್ತಿದ್ದರು. ಆದರೆ ಕೆಲಸಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ ಅಲ್ವಾ? ಒಂದಕ್ಕೆ ಮೆಮೊರಿ ಜಾಸ್ತಿ ಬೇಕು, ಇನ್ನೊಂದಕ್ಕೆ ಪ್ರೊಸೆಸರ್. ಸ್ಲಾಟ್ ಒಂದಕ್ಕೆ ಇಕ್ಕಟ್ಟು, ಮತ್ತೊಂದಕ್ಕೆ ದಂಡ. ಜನ ಈ ಪದ್ಧತಿಯ ಸಂದಿಗಳನ್ನೂ ಕಂಡುಕೊಂಡರು. ಹಡೂಪ್ ಕೆಲಸದ ಮೊದಲ ಹಂತ ಮ್ಯಾಪ್, ಮುಂದಿನದು ರಿಡ್ಯೂಸ್, ಎರಡಕ್ಕೂ ಬೇರೆ ಬೇರೆ ಸ್ಲಾಟ್. ಒಂದು ದೊಡ್ಡ ಕಂಪನಿಯಲ್ಲಿ ಮ್ಯಾಪ್ ಸ್ಲಾಟ್‌ಗಳಿಗೆ ನೂಕುನುಗ್ಗಲು ಇದ್ದದ್ದರಿಂದ ಒಬ್ಬರು ತಮ್ಮ ಕೆಲಸವನ್ನೆಲ್ಲ ರಿಡ್ಯೂಸ್ ಹಂತದೊಳಗೆ ತುರುಕಿದರು. ಇನ್ನೊಂದು ಕಡೆ, ಚೆನ್ನಾಗಿ ಬಳಸುವವರಿಗಷ್ಟೇ ಪ್ರತ್ಯೇಕ ಯಂತ್ರ ಅಂತ ನಿಯಮ. ಯಂತ್ರ ಸದಾ ದುಡಿಯುತ್ತಿರುವಂತೆ ಕಾಣಲಿ ಅಂತ ಜನ ಕೋಡ್‌ನಲ್ಲಿ ಸುಮ್ನೆ ಸುತ್ತುವ, ಕೊನೆಯೇ ಇಲ್ಲದ ಲೂಪ್‌ಗಳನ್ನು ಸೇರಿಸಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ನಿಜ ಹೇಳಿದವರಿಗೆ ಕಡಿಮೆ ಸಿಗುವ ಹಾಗೆ ನಿಯಮ ಮಾಡಿದರೆ ಯಾರಾದರೂ ಇನ್ನೇನು ಮಾಡಿಯಾರು?

2011ರಲ್ಲಿ ಅಲಿ ಘೋಡ್ಸಿ, ಮಟೆಯಿ ಜಹಾರಿಯಾ ಮುಂತಾದವರ ಜೊತೆ ಸ್ಟೊಯಿಕಾ ಪ್ರಕಟಿಸಿದ ಡಿಆರ್‌ಎಫ್ ಎಂಬ ಹಂಚಿಕೆ ವಿಧಾನ ಇದಕ್ಕೆ ಉತ್ತರ. 1989ರ ಪ್ಯಾಕೆಟ್ ಪ್ರಬಂಧದ ಸ್ಕಾಟ್ ಶೆಂಕರ್ ಕೂಡ ಈ ತಂಡದಲ್ಲಿದ್ದರು. ತಂಡದ ಉದಾಹರಣೆಯನ್ನೇ ಲೆಕ್ಕ ಹಾಕಿ ನೋಡೋಣ. ಒಟ್ಟು 9 ಪ್ರೊಸೆಸರ್, 18 ಜಿಬಿ ಮೆಮೊರಿ, ಬಳಸುವವರು ಇಬ್ಬರು. ಮೊದಲನೆಯವರ ಪ್ರತಿ ಕೆಲಸಕ್ಕೆ 1 ಪ್ರೊಸೆಸರ್, 4 ಜಿಬಿ ಬೇಕು. ಎರಡನೆಯವರ ಪ್ರತಿ ಕೆಲಸಕ್ಕೆ 3 ಪ್ರೊಸೆಸರ್, 1 ಜಿಬಿ. ಎಲ್ಲವನ್ನೂ ಅರ್ಧ ಅರ್ಧ ಮಾಡಿದರೆ ತಲಾ ನಾಲ್ಕೂವರೆ ಪ್ರೊಸೆಸರ್, 9 ಜಿಬಿ. ಮೊದಲನೆಯವರದು ಎರಡು ಕೆಲಸ ಓಡುತ್ತದೆ, ಎರಡನೆಯವರದು ಒಂದು. ಉಳಿದದ್ದು ಇಬ್ಬರಿಗೂ ಇಲ್ಲದೆ ಬಿದ್ದಿರುತ್ತದೆ.

ಡಿಆರ್‌ಎಫ್ ಒಬ್ಬೊಬ್ಬರಿಗೂ ಯಾವುದು ಮುಖ್ಯ ಅಂತ ಮೊದಲು ನೋಡುತ್ತದೆ. ಮೊದಲನೆಯವರಿಗೆ ಮೆಮೊರಿ, ಎರಡನೆಯವರಿಗೆ ಪ್ರೊಸೆಸರ್. ಆ ಮುಖ್ಯ ಪಾಲುಗಳನ್ನಷ್ಟೇ ಸಮ ಮಾಡುತ್ತದೆ. ಮೊದಲನೆಯವರಿಗೆ ಮೂರು ಕೆಲಸ, ಅಂದರೆ 18ರಲ್ಲಿ 12 ಜಿಬಿ. ಎರಡನೆಯವರಿಗೆ ಎರಡು ಕೆಲಸ, ಅಂದರೆ 9ರಲ್ಲಿ 6 ಪ್ರೊಸೆಸರ್. ಇಬ್ಬರಿಗೂ ಮೂರರಲ್ಲಿ ಎರಡು ಪಾಲು, ಇಬ್ಬರಿಗೂ ಮೊದಲಿಗಿಂತ ಒಂದೊಂದು ಕೆಲಸ ಜಾಸ್ತಿ. ಪಂಕ್ತಿಯಲ್ಲಿ ಬಡಿಸುವಾಗ ಅನ್ನ ಕೇಳಿದವರಿಗೆ ಅನ್ನ, ಪಲ್ಯ ಕೇಳಿದವರಿಗೆ ಪಲ್ಯ ಹಾಕಿದರೆ ಇಬ್ಬರ ಹೊಟ್ಟೆಯೂ ತುಂಬುತ್ತದೆ, ಎಲೆಯಲ್ಲಿ ಬಿಡುವುದೂ ಕಡಿಮೆ. ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಬೇಕಾದ್ದಕ್ಕಿಂತ ಜಾಸ್ತಿ ಬೇಕು ಅಂತ ಸುಳ್ಳು ಹೇಳಿದರೆ ಇಲ್ಲಿ ಲಾಭವಿಲ್ಲ ಅನ್ನುವುದನ್ನು ಪ್ರಬಂಧ ಗಣಿತದಿಂದ ಸಾಬೀತು ಮಾಡುತ್ತದೆ. ಕೊನೆಯಿಲ್ಲದ ಲೂಪ್ ಬರೆಯುವ ಅಗತ್ಯವೇ ಬೀಳುವುದಿಲ್ಲ. ಮುಂದೆ ಹಡೂಪ್‌ನಲ್ಲಿ ಹಂಚಿಕೆ ನೋಡಿಕೊಳ್ಳುವ ಯಾರ್ನ್ ಎಂಬ ಭಾಗ ಕೂಡ ಈ ವಿಧಾನವನ್ನು ಸೇರಿಸಿಕೊಂಡಿತು.

ಇತ್ತ ಸಿಎಫ್‌ಎಸ್‌ಗೆ ವಯಸ್ಸಾಗುತ್ತಿತ್ತು. ಎಷ್ಟು ಪಾಲು ಅನ್ನುವುದನ್ನು ಅದು ಚೆನ್ನಾಗಿ ಲೆಕ್ಕ ಹಾಕುತ್ತಿತ್ತು. ಯಾವಾಗ ಅನ್ನುವುದಕ್ಕೆ ನೇರ ಉತ್ತರವಿರಲಿಲ್ಲ. ನಿದ್ದೆಯಿಂದ ಎದ್ದ ಕೆಲಸಕ್ಕೆ ಸ್ವಲ್ಪ ರಿಯಾಯಿತಿ, ಇನ್ನೊಂದಕ್ಕೆ ಇನ್ನೊಂದು ಅಂತ ತೇಪೆಗಳು ಸೇರುತ್ತಾ ಹೋದವು. 2023ರಲ್ಲಿ ಲಿನಕ್ಸ್ ಕರ್ನಲ್ ಬರೆಯುವ ಪೀಟರ್ ಜೈಲ್‌ಸ್ಟ್ರಾ ಇಇವಿಡಿಎಫ್‌ನ ಹಳೆಯ ವರದಿಯನ್ನು ತೆಗೆದು, ಬಾಕಿ ಮತ್ತು ಗಡುವಿನ ಲೆಕ್ಕವನ್ನು ಕರ್ನಲ್ ಒಳಗೆ ತಂದರು. ತೇಪೆಗಳಲ್ಲಿ ಹಲವು ಬೇಡವಾದವು. ಸಸಿಮಡಿಯವರ ಅಹವಾಲಿಗೆ ಲೆಕ್ಕದಲ್ಲೇ ಜಾಗ ಸಿಕ್ಕಿತು, 28 ವರ್ಷದ ನಂತರ.

ಅಷ್ಟರಲ್ಲಿ ಹಂಚಬೇಕಾದ ವಸ್ತುವೇ ಬದಲಾಗಿದೆ. ಈಗ ಸಾಲು ನಿಂತಿರುವುದು ಪ್ರಶ್ನೆಗೆ ಉತ್ತರ ಬರೆಯುವ ಎಐ ಭಾಷಾ ಮಾದರಿಗಳನ್ನು ಓಡಿಸುವ ಜಿಪಿಯು ಚಿಪ್‌ಗಳ ಮುಂದೆ. ಒಬ್ಬರು ಒಂದು ಸಾಲಿನ ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಇಡೀ ಪುಸ್ತಕ ಸುರಿಯುತ್ತಾರೆ. ನಿಮಿಷಕ್ಕೆ ಇಷ್ಟೇ ಪ್ರಶ್ನೆ ಅಂತ ಮಿತಿ ಹಾಕಿದರೆ ಯಂತ್ರ ಖಾಲಿ ಇದ್ದಾಗಲೂ ಜನ ಕಾಯಬೇಕು. ಉತ್ತರ ಎಷ್ಟು ಉದ್ದ ಬರುತ್ತದೆ ಅನ್ನುವುದು ಅದು ಮುಗಿಯುವ ತನಕ ಯಾರಿಗೂ ತಿಳಿಯದು, ಹಾಗಾಗಿ ಮೊದಲೇ ಅಳೆದು ಕೊಡುವ ಹಾಗೂ ಇಲ್ಲ. 2024ರಲ್ಲಿ ಯಿಂಗ್ ಶೆಂಗ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಪ್ರಕಟಿಸಿದರು. ಪ್ರತಿ ಗ್ರಾಹಕರ ಹೆಸರಿನಲ್ಲಿ ಒಂದು ಖಾತೆ. ಯಂತ್ರ ಒಂದೊಂದು ಟೋಕನ್, ಅಂದರೆ ಪದ ಅಥವಾ ಪದದ ತುಣುಕು, ಉಗುಳಿದಾಗಲೂ ಅವರ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಮುಂದಿನ ಸರದಿ, ಖಾತೆಯಲ್ಲಿ ಅತಿ ಕಡಿಮೆ ಬರೆದಿರುವವರಿಗೆ. ಆ ಪ್ರಬಂಧದ ಲೇಖಕರ ಸಾಲಿನ ಕೊನೆಯಲ್ಲಿರುವ ಹೆಸರು ಇಯೋನ್ ಸ್ಟೊಯಿಕಾ.