ಸಾಕುಪ್ರಾಣಿಗೆ ಅನುಮತಿ: ಸಂಘದ ‘ಬೇಡ’ ಸಡಿಲವಾದ ಬಗೆ

ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಲು ನಿವಾಸಿಗಳ ಸಂಘಕ್ಕೆ ಅರ್ಜಿ ಕೊಡುವವರು ‘ನಮ್ಮ ನಾಯಿ ತುಂಬಾ ಸಾಧು’ ಎಂದು ಬರೆಯುತ್ತಾರೆ. ಅದು ಹೆಚ್ಚು ನೆರವಾಗದು. ಐದು ದಶಕಗಳಿಂದ ಕಾನೂನು ಕೇಳುತ್ತಾ ಬಂದದ್ದು ಬೇರೆ: ನೆರೆಯವರಿಗೆ ನಿಜವಾಗಿ ಆಗುವ ತೊಂದರೆ ಏನು?

ಬಾಡಿಗೆ ಕರಾರಿನಲ್ಲಿ ಸಾಕುಪ್ರಾಣಿಯನ್ನು ನಿಷೇಧಿಸುವ ಷರತ್ತು ನಿಲ್ಲುವುದಿಲ್ಲ ಎಂದು ಫ್ರಾನ್ಸ್ 1970ರಲ್ಲೇ ಕಾಯ್ದೆ ಮಾಡಿತು. ನ್ಯೂಯಾರ್ಕ್ ನಗರ 1983ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಬಾಡಿಗೆದಾರ ಮುಚ್ಚುಮರೆಯಿಲ್ಲದೆ ಪ್ರಾಣಿ ಸಾಕಿದ್ದು ಗೊತ್ತಿದ್ದೂ ಮಾಲೀಕ ಮೂರು ತಿಂಗಳೊಳಗೆ ದಾವೆ ಹೂಡದಿದ್ದರೆ, ನಿಷೇಧದ ಹಕ್ಕು ಹೋಯಿತು. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲಿ, ಎಲ್ಲರಿಗೂ ಒಂದೇ ಎಂದು ಮೊದಲೇ ಅಚ್ಚುಹಾಕಿಟ್ಟ ಬಾಡಿಗೆ ಕರಾರಿನಲ್ಲಿ ನಾಯಿ, ಬೆಕ್ಕುಗಳಿಗೆ ಸಾರಾಸಗಟು ನಿಷೇಧ ಹೇರುವಂತಿಲ್ಲ, ಪ್ರತಿ ಪ್ರಕರಣವನ್ನೂ ತೂಗಿ ನೋಡಬೇಕು ಎಂದಿತು.

ಇವೆಲ್ಲ ಮನೆಮಾಲೀಕನ ಮಾತಾಯಿತು. ನಿವಾಸಿಗಳೇ ಬಹುಮತದಿಂದ ಬೇಡವೆಂದರೆ? ನಿಜವಾದ ಕಗ್ಗಂಟು ಇಲ್ಲಿದೆ. ಆಸ್ಟ್ರೇಲಿಯಾದ ಸಿಡ್ನಿಯ ಬಹುಮಹಡಿ ಕಟ್ಟಡವೊಂದರ ಅಂಥ ಬೈಲಾವನ್ನು, ಅಂದರೆ ಸಂಘದ ಒಳನಿಯಮವನ್ನು, ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ತಳ್ಳಿಹಾಕಿತು; ಯಾರಿಗೂ ತೊಂದರೆ ಕೊಡದ ಪ್ರಾಣಿಯನ್ನೂ ತಡೆಯುವ ನಿಯಮ ದಬ್ಬಾಳಿಕೆ ಎಂಬುದು ಅದರ ನಿಲುವು. ಭಾರತದಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಬಹುಮತವಿದ್ದರೂ ನಿಷೇಧ ಸಲ್ಲದು ಎಂದಿತು. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಇಂಥ ನಿಷೇಧ ಕಾನೂನುಬಾಹಿರ ಎಂದು ತೀರ್ಪಿತ್ತಿತು.

ಹಾಗೆಂದು ಅರ್ಜಿಯ ಕೆಲಸ ಹಗುರವಾಗಿಲ್ಲ. ಮೊದಲು ನೋಂದಾಯಿತ ಬೈಲಾದ ಪ್ರತಿ ಪಡೆಯಿರಿ. ನೋಟಿಸ್ ಬೋರ್ಡಿನ ಸುತ್ತೋಲೆಯೇ ಬೈಲಾ ಅಲ್ಲ. ಬಾಡಿಗೆದಾರರು ಮಾಲೀಕರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ‘ಆಯ್ತು’ ಸಮಿತಿ ಬದಲಾದ ದಿನವೇ ಅಳಿಸಿಹೋಗುತ್ತದೆ. ಅರ್ಜಿಗೆ ರೇಬೀಸ್ ಲಸಿಕೆಯ ಪ್ರಮಾಣಪತ್ರ, ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕಿದ್ದರೆ ಅದು, ಮಲ ಎತ್ತುವ ವ್ಯವಸ್ಥೆ, ನೀವಿಲ್ಲದಾಗ ನೋಡಿಕೊಳ್ಳುವವರ ಹೆಸರು ಸೇರಿಸಿ. ನಿರಾಕರಿಸಿದರೆ ಬೈಲಾದ ಕಲಂ ಸಂಖ್ಯೆ ಸಹಿತ ಕಾರಣವನ್ನು ಬರಹದಲ್ಲಿ ಕೇಳಿ.

ಅನುಮತಿ ಸಿಕ್ಕ ಮೇಲೂ ಹೆಚ್ಚಾಗಿ ತಕರಾರು ಏಳುವುದು ಬೊಗಳಿಕೆಯಿಂದ. ಒಂಟಿಯಾಗಿ ಬಿಟ್ಟಾಗಲೇ ನಾಯಿ ಬೊಗಳಿದರೆ ಮನೆಯವರಿಗೆ ಅದು ಕೇಳಿಸುವುದೇ ಇಲ್ಲ! ಹೊರಗೆ ಹೋಗುವಾಗ ಫೋನಿನಲ್ಲಿ ಧ್ವನಿಮುದ್ರಣ ಹಾಕಿಟ್ಟು ಪರೀಕ್ಷಿಸಿ, ಮಲಗುವ ಜಾಗವನ್ನು ನೆರೆಮನೆಯ ಗೋಡೆಯಿಂದ ದೂರ ಸರಿಸಿ. ಲಿಫ್ಟಿನಲ್ಲಿ ಗಿಡ್ಡ ಹಗ್ಗ ಹಿಡಿದು ನಾಯಿಯನ್ನು ಮೂಲೆಗೆ ನಿಲ್ಲಿಸಿ. ಬೆಕ್ಕಿಗಾಗಿ ಬಾಲ್ಕನಿಗೆ ಬಲೆ ಕಟ್ಟುವುದಿದ್ದರೆ ಅದನ್ನೂ ಅರ್ಜಿಯಲ್ಲೇ ಕೇಳಿಬಿಡಿ. ಹೊರಗೋಡೆ ಸಾಮಾನ್ಯವಾಗಿ ಎಲ್ಲರ ಸೊತ್ತು, ಅದಕ್ಕೆ ಬೇರೆಯದೇ ಒಪ್ಪಿಗೆ ಬೇಕಾಗಬಹುದು.