ಹೊಗೆ, ಹೊಟ್ಟೆ, ನಾಲಿಗೆಯಡಿ, ಚರ್ಮ: ಭಂಗಿ ಸೊಪ್ಪಿನ ನಾಲ್ಕು ದಾರಿಗಳು

ಮೈಸೂರಿನ ಒಂದು ಆಸ್ಪತ್ರೆಯ ಔಷಧಾಲಯದಲ್ಲಿ ತರಬೇತಿಗೆ ಕುಳಿತಿದ್ದ ದಿನಗಳವು. ಪಾಂಡವಪುರದ ಕಡೆಯ ಯಜಮಾನರೊಬ್ಬರು ಬಂದರು. ಟವೆಲಿನ ಮೂಲೆಯಲ್ಲಿ ಗಂಟು ಕಟ್ಟಿದ್ದ ಸಣ್ಣ ಕಂದು ಸೀಸೆಯನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟರು. "ಮೊಮ್ಮಗನಿಗೆ ಫಿಟ್ಸ್ ಬರುತ್ತದೆ. ಬೆಂಗಳೂರಿನಲ್ಲಿರುವ ಅಳಿಯ ತರಿಸಿಕೊಟ್ಟ. ಇದನ್ನು ನಾಲಿಗೆಯಡಿ ಬಿಡಬೇಕೋ, ಹಾಲಿಗೆ ಹಾಕಿ ಕುಡಿಸಬೇಕೋ ತಾಯಿ?" ಎಂದರು. ಸೀಸೆಯ ಮೇಲೆ "ವಿಜಯಾ ಸತ್ವ, 1500 ಮಿಗ್ರಾಂ, 30 ಮಿಲಿ" ಎಂದು ಅಚ್ಚಾಗಿತ್ತು. ವಿಜಯಾ ಎಂದರೆ ಆಯುರ್ವೇದದಲ್ಲಿ ಭಂಗಿ ಸೊಪ್ಪು, ಗಾಂಜಾ ಗಿಡದ ಎಲೆ. ನನಗೆ ಉತ್ತರ ಗೊತ್ತಿರಲಿಲ್ಲ. ಹಿರಿಯ ಫಾರ್ಮಸಿಸ್ಟರನ್ನು ಕರೆದೆ. ಅವರು ಸೀಸೆಯನ್ನು ತಿರುಗಿಸಿ ತಿರುಗಿಸಿ ಓದಿ, "ದಾರಿ ಕೇಳುವ ಮೊದಲು ಹೊರೆ ಎಷ್ಟು ಎಂದು ಗೊತ್ತಾಗಬೇಕಲ್ಲ" ಎಂದು ಗೊಣಗಿದರು. ಆ ಮಾತು ನನಗೆ ಅರ್ಥವಾದದ್ದು ಆಮೇಲೆ, ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಪುಸ್ತಕ ಬಿಡಿಸಿಕೊಂಡು ಕುಳಿತಾಗ. ಪಿಯುಸಿವರೆಗೆ ಕನ್ನಡದಲ್ಲಿ ಓದಿ, ಈಗ ಔಷಧಶಾಸ್ತ್ರದ ಇಂಗ್ಲಿಷ್ ಪಠ್ಯದ ಮುಂದೆ ತಲೆ ಕೆರೆದುಕೊಳ್ಳುವ ನನ್ನಂಥವರಿಗಾಗಿ ಈ ಟಿಪ್ಪಣಿ.

ಗಿಡದಲ್ಲಿ ಏನಿದೆ

ಎರಡು ಹೆಸರು ಸಾಕು: ಟಿಎಚ್‌ಸಿ ಮತ್ತು ಸಿಬಿಡಿ. ಅಮಲು ತರುವುದು ಟಿಎಚ್‌ಸಿ. ಸಿಬಿಡಿ ಅಮಲು ತರುವುದಿಲ್ಲ, ಆದರೆ ನಿರುಪದ್ರವಿಯೂ ಅಲ್ಲ. ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ರಚನೆ ತಿಳಿಸಿದವರು ಇಸ್ರೇಲಿನ ರಾಫೆಲ್ ಮೆಖೌಲಮ್ ಮತ್ತು ಯೆಹಿಯೆಲ್ ಗಾವೋನಿ, 1964ರಲ್ಲಿ. ಟಿಎಚ್‌ಸಿ ಕೆಲಸ ಮಾಡುವುದು ಮಿದುಳಿನ ಒಂದು ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡು. ನಮ್ಮ ದೇಹವೇ ತಯಾರಿಸುವ, ಅದೇ ಗ್ರಾಹಕಕ್ಕೆ ಅಂಟುವ ವಸ್ತು 1992ರಲ್ಲಿ ಸಿಕ್ಕಾಗ ಅದಕ್ಕೆ ಅನಂಡಮೈಡ್ ಎಂದು ಹೆಸರಿಟ್ಟರು. ಮೂಲ ನಮ್ಮ 'ಆನಂದ'ವೇ. ಇದನ್ನು ನೆನಪಿಡಲು ನಮಗಿಂತ ಸುಲಭ ಯಾರಿಗಿದೆ?

ಪರೀಕ್ಷೆಯಲ್ಲಿ ಹಲವರು ಜಾರುವ ಜಾಗ ಇದು: ಹಸಿ ಗಿಡದಲ್ಲಿ ಟಿಎಚ್‌ಸಿ ಇರುವುದು ಬಹುಪಾಲು ಆಮ್ಲರೂಪದಲ್ಲಿ. ಆ ರೂಪಕ್ಕೆ ಅಮಲಿಲ್ಲ. ಶಾಖ ತಗುಲಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ. ಮಂಡ್ಯದ ಆಲೆಮನೆ ನೋಡಿದವರಿಗೆ ಹೇಳಬೇಕಾಗಿಲ್ಲ, ಕೊಪ್ಪರಿಗೆ ಏರದೆ ಕಬ್ಬಿನ ಹಾಲು ಬೆಲ್ಲವಾಗದು. ಅಲ್ಲಿ ಹೋಗುವುದು ನೀರು, ಇಲ್ಲಿ ಹೋಗುವುದು ಅಣುವಿನದೇ ಒಂದು ತುಂಡು, ಅಷ್ಟೇ ವ್ಯತ್ಯಾಸ. ಚಿಲುಮೆಯ ಕೆಂಡ ಈ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ. ಆಯುರ್ವೇದದ ಶೋಧನ ಕ್ರಮದಲ್ಲಿ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಹಸಿರು ಬಿಡುವುದು ನಿಲ್ಲುವತನಕ ತೊಳೆದು, ಒಣಗಿಸಿ, ಹಸುವಿನ ತುಪ್ಪದಲ್ಲಿ ಹುರಿಯುತ್ತಾರೆ. ಟಿಎಚ್‌ಸಿ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ತೊಳೆದರೂ ಉಳಿಯುತ್ತದೆ, ತುಪ್ಪಕ್ಕೆ ಬಿದ್ದರೆ ಬಿಡುತ್ತದೆ. ಹಳಬರು ಅಣುವಿನ ಹೆಸರು ತಿಳಿಯದೆಯೇ ಇದನ್ನು ಮಾಡುತ್ತಿದ್ದರು.

ಹೊಗೆಯ ದಾರಿ

ಶ್ವಾಸಕೋಶದಿಂದ ನೇರ ರಕ್ತಕ್ಕೆ, ರಕ್ತದಿಂದ ಮಿದುಳಿಗೆ. ರಕ್ತದಲ್ಲಿನ ಮಟ್ಟ 3ರಿಂದ 10 ನಿಮಿಷದಲ್ಲಿ ತುದಿ ಮುಟ್ಟುತ್ತದೆ, ಎರಡು ಮೂರು ಗಂಟೆಯಲ್ಲಿ ಪರಿಣಾಮ ಇಳಿಯುತ್ತದೆ. ಸೊಪ್ಪಿನಲ್ಲಿದ್ದ ಟಿಎಚ್‌ಸಿಯಲ್ಲಿ ರಕ್ತಕ್ಕೆ ಸೇರುವುದು ಸಾಮಾನ್ಯವಾಗಿ ಶೇ 10ರಿಂದ 35. ಸೇದುವವನ ಅಭ್ಯಾಸದ ಮೇಲೆ ಇದು ಬದಲಾಗುತ್ತದೆ. ಹೊಗೆಯನ್ನು ಎದೆಯಲ್ಲಿ ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡರೆ ಹೆಚ್ಚು ಏರುತ್ತದೆ ಎಂಬ ನಂಬಿಕೆಗೆ ಪ್ರಯೋಗಗಳಲ್ಲಿ ಆಧಾರ ಸಿಕ್ಕಿಲ್ಲ. ಹೆಚ್ಚು ಹೊತ್ತು ಕುಳಿತುಕೊಳ್ಳುವುದು ಟಾರು ಮಾತ್ರ.

ಈ ದಾರಿಯ ಪರವಾಗಿ ಹೇಳಬಹುದಾದ ಒಂದೇ ಮಾತು, ಬೇಗ ತಿಳಿಯುತ್ತದೆ ಎಂಬುದು. ಎರಡು ದಮ್ಮಿನ ಬಳಿಕ ಸಾಕೆನಿಸಿದರೆ ನಿಲ್ಲಿಸಬಹುದು. ಆದರೆ ಸುಟ್ಟ ಎಲೆ ಯಾವುದಾದರೇನು, ಟಾರು, ಇಂಗಾಲದ ಮೊನಾಕ್ಸೈಡು, ಕ್ಯಾನ್ಸರ್‌ಕಾರಕ ಕಣಗಳು ಬಂದೇ ಬರುತ್ತವೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನ ನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಗರೇಟಿನ ತಂಬಾಕಿನೊಡನೆ ಬೆರೆಸಿ ಸೇದಿದರೆ ನಿಕೋಟಿನ್ ಚಟ ಉಚಿತವಾಗಿ ಜೊತೆಗೆ ಬರುತ್ತದೆ. ಎದೆಬಡಿತವೂ ಏರುತ್ತದೆ, ಹಾಗಾಗಿ ಹೃದಯದ ತೊಂದರೆ ಇರುವವರಿಗೆ ಇದು ಆಟವಲ್ಲ. ಯಾವ ಕಾಯಿಲೆಗೂ ಸೇದುವುದನ್ನು ಔಷಧವೆಂದು ಬರೆದುಕೊಡುವ ದಿನ ನನ್ನ ವೃತ್ತಿಯಲ್ಲಿ ಬಾರದಿರಲಿ ಎಂದೇ ನನ್ನ ಆಸೆ.

ಸುಡದೆ ಆವಿ ಮಾಡಿ ಸೇವಿಸುವ ಉಪಕರಣಗಳೂ ಇವೆ. ಟಾರು ಕಡಿಮೆ, ನಿಜ. ಆದರೆ 2019ರಲ್ಲಿ ಅಮೆರಿಕದಲ್ಲಿ ಇಂಥ ತೈಲದ ಕಾರ್ಟ್ರಿಜ್‌ಗಳಿಂದ ಶ್ವಾಸಕೋಶ ಕೆಟ್ಟ ಪ್ರಕರಣಗಳು ಸಾಲುಸಾಲಾಗಿ ಬಂದವು. 2020ರ ಫೆಬ್ರುವರಿ ಹೊತ್ತಿಗೆ ಆಸ್ಪತ್ರೆ ಸೇರಿದವರು ಅಥವಾ ಸತ್ತವರು 2,807, ಅವರಲ್ಲಿ ಸತ್ತವರು 68. ತೈಲಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮೇಲೆ ಮುಖ್ಯ ಅನುಮಾನ ಬಿತ್ತು. ನುಂಗಿದರೆ ತೊಂದರೆ ಕೊಡದ ವಸ್ತು ಎದೆಗೆ ಹೋದಾಗ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಉತ್ತರಪತ್ರಿಕೆಯಲ್ಲಿ ತಪ್ಪದೆ ಬರೆಯಿರಿ. ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಮಾರಾಟ, ಆಮದು ಅದೇ 2019ರಿಂದ ನಿಷಿದ್ಧ.

ಹೊಟ್ಟೆಯ ದಾರಿ

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ನುಂಗಿದ ಟಿಎಚ್‌ಸಿ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಬಹುಪಾಲು ಒಡೆದುಹೋಗಿ, ದೇಹಕ್ಕೆ ದಕ್ಕುವುದು ಶೇ 4ರಿಂದ 12 ಮಾತ್ರ. ಹಾಗಾದರೆ ಪರಿಣಾಮ ಕಡಿಮೆಯೇ? ಅಲ್ಲ. ಯಕೃತ್ತಿನ ಕಿಣ್ವಗಳು, ಮುಖ್ಯವಾಗಿ ಸಿವೈಪಿ 2ಸಿ9, ಅದರಲ್ಲಿ ಒಂದಿಷ್ಟನ್ನು 11-ಹೈಡ್ರಾಕ್ಸಿ-ಟಿಎಚ್‌ಸಿಯಾಗಿ ಬದಲಿಸುತ್ತವೆ. ಅದಕ್ಕೂ ಅಮಲಿದೆ, ಮಿದುಳಿಗೂ ಸುಲಭವಾಗಿ ನುಗ್ಗುತ್ತದೆ. ಸೇದಿದಾಗ ಈ ವಸ್ತು ಹುಟ್ಟುವುದು ಸ್ವಲ್ಪವೇ, ನುಂಗಿದಾಗ ಬಹಳ. ಆದ್ದರಿಂದ ಒಂದೇ ಸೊಪ್ಪನ್ನು ಸೇದಿದವನ ಅನುಭವ ನುಂಗಿದವನಿಗೆ ಲೆಕ್ಕಕ್ಕೆ ಬರುವುದಿಲ್ಲ. ದಾರಿ ಬದಲಾದರೆ ಮದ್ದೇ ಬದಲಾದಂತೆ.

ಗಡಿಯಾರವೂ ಬೇರೆ. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಕೆಲವೊಮ್ಮೆ ಇನ್ನೂ ತಡ. ತುದಿ ಮುಟ್ಟುವುದು ಎರಡು ಮೂರು ಗಂಟೆಗೆ. ಇಳಿಯಲು 4ರಿಂದ 12 ಗಂಟೆ. ಹಾಸ್ಟೆಲಿನಲ್ಲಿ ಒಂದು ಹೋಳಿಯ ದಿನ ಉತ್ತರದ ಕಡೆಯ ಹುಡುಗನೊಬ್ಬ ಭಂಗಿ ಬೆರೆತ ಥಂಡಾಯಿ ಒಂದು ಲೋಟ ಕುಡಿದು, ಮುಕ್ಕಾಲು ಗಂಟೆ ಕಾದು, "ಇದರಲ್ಲಿ ಏನೂ ಇಲ್ಲ" ಎಂದು ಎರಡನೆಯದನ್ನೂ ಮುಗಿಸಿದ. ಎರಡು ಲೋಟವೂ ಸೇರಿ ಎದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಸಂಜೆಯವರೆಗೂ ಗೋಡೆ ಹಿಡಿದು ಕುಳಿತು, ತನ್ನ ಎದೆಬಡಿತವನ್ನು ತಾನೇ ಎಣಿಸುತ್ತಾ, "ನಾನು ಸಾಯುತ್ತೇನೆಯೇ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ಅವನನ್ನು ಒಂಟಿಯಾಗಿ ಬಿಡದೆ, ನೀರು ಕೊಟ್ಟು, ಗಾಡಿಯ ಬೀಗದ ಕೈ ಕಿತ್ತುಕೊಂಡು ಕಾದೆವು. ಎದೆನೋವು, ಪ್ರಜ್ಞೆ ತಪ್ಪುವುದು, ಫಿಟ್ಸ್, ನಿಲ್ಲದ ವಾಂತಿ ಕಂಡರೆ ಕಾಯಬಾರದು, ನೇರ ಆಸ್ಪತ್ರೆಗೆ. ಮಗುವೊಂದು ಅಂಥ ತಿಂಡಿಯನ್ನು ತಿಂದಿದ್ದರಂತೂ ಲಕ್ಷಣಕ್ಕೂ ಕಾಯಬಾರದು.

ಜಿಡ್ಡಿನ ಊಟ ಈ ಗಡಿಯಾರವನ್ನು ಇನ್ನಷ್ಟು ಕೆದಕುತ್ತದೆ. ಟಿಎಚ್‌ಸಿಯೂ ಸಿಬಿಡಿಯೂ ಕೊಬ್ಬನ್ನು ಹಿಡಿದುಕೊಂಡು ಒಳಗೆ ಹೋಗುವಂಥವು. ಸಿಬಿಡಿಯನ್ನು ಕೊಬ್ಬಿನ ಊಟದೊಡನೆ ಕೊಟ್ಟರೆ ರಕ್ತ ಸೇರುವ ಪ್ರಮಾಣ ನಾಲ್ಕೈದು ಪಟ್ಟು ಏರುತ್ತದೆ. ಒಂದು ದಿನ ಖಾಲಿ ಹೊಟ್ಟೆಗೆ, ಇನ್ನೊಂದು ದಿನ ತುಪ್ಪ ಹಾಕಿದ ಮುದ್ದೆಯ ಮೇಲೆ ಕೊಟ್ಟರೆ ಎರಡು ಬೇರೆ ಬೇರೆ ಡೋಸ್ ಕೊಟ್ಟಂತೆಯೇ. ನಿತ್ಯ ಒಂದೇ ರೀತಿಯಲ್ಲಿ ಕೊಡಿ ಎಂದು ಹೇಳುವುದು ಅದಕ್ಕೆ. ಯಜಮಾನರ "ಹಾಲಿಗೆ ಹಾಕಿ" ಎಂಬ ಮಾತಿನಲ್ಲಿ ಎಷ್ಟು ಔಷಧಶಾಸ್ತ್ರ ಅಡಗಿತ್ತು ಎಂದು ಆ ದಿನ ನನಗೆ ತಿಳಿದಿರಲಿಲ್ಲ.

ನಾಲಿಗೆಯಡಿ ಮತ್ತು ಚರ್ಮ

ನಾಲಿಗೆಯಡಿ ಬಿಟ್ಟರೆ ಯಕೃತ್ತನ್ನು ತಪ್ಪಿಸಿ ನೇರ ರಕ್ತಕ್ಕೆ ಹೋಗುತ್ತದೆ ಎಂದು ಪಠ್ಯ ಹೇಳುತ್ತದೆ. ಹೃದಯದ ನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ವಿಷಯದಲ್ಲಿ ಅದು ಸರಿ. ಎಣ್ಣೆಯಲ್ಲಿ ಕರಗಿಸಿದ ಗಾಂಜಾ ಸತ್ವದ ವಿಷಯದಲ್ಲಿ ಅರ್ಧ ಸರಿ ಮಾತ್ರ. ಎಣ್ಣೆ ಬಾಯಿಯ ತೆಳುಪೊರೆಯಲ್ಲಿ ಹೀರುವುದಕ್ಕಿಂತ ಎಂಜಲಿನೊಡನೆ ಗಂಟಲಿಗೆ ಇಳಿಯುವುದೇ ಹೆಚ್ಚು. ಬಹುಕಾಲದ ನರರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಸ್ನಾಯು ಬಿಗಿತಕ್ಕಾಗಿ 2010ರಲ್ಲಿ ಬ್ರಿಟನ್ನಿನಲ್ಲಿ ಒಪ್ಪಿಗೆ ಪಡೆದ ಸೇಟಿವೆಕ್ಸ್ ಬಾಯಿಗೆ ಸಿಂಪಡಿಸುವ ಮದ್ದು, ಪ್ರತಿ ಸಿಂಪಡಿಕೆಯಲ್ಲಿ 2.7 ಮಿಗ್ರಾಂ ಟಿಎಚ್‌ಸಿ, 2.5 ಮಿಗ್ರಾಂ ಸಿಬಿಡಿ. ಅದೂ ರಕ್ತದಲ್ಲಿ ತುದಿ ಮುಟ್ಟಲು ಮುಕ್ಕಾಲು ಗಂಟೆಯಿಂದ ಎರಡು ಗಂಟೆ ತೆಗೆದುಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ನಾಲಿಗೆಯಡಿಯ ದಾರಿ ಎಂಬುದು ಹೆಚ್ಚಿನ ಪಾಲು ಹೊಟ್ಟೆಯ ದಾರಿಯೇ, ವೇಷ ಬೇರೆ.

ಚರ್ಮಕ್ಕೆ ಹಚ್ಚುವ ಮುಲಾಮಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಚರ್ಮದ ಹೊರಪದರದಲ್ಲಿ ಸಿಕ್ಕಿಕೊಳ್ಳುತ್ತದೆ, ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ. ಅಮಲೂ ಇಲ್ಲ, ದೊಡ್ಡ ಪವಾಡವೂ ಇಲ್ಲ.

ಅಗತ್ಯಕ್ಕೆ ತಕ್ಕ ದಾರಿ

"ಯಾವ ವಿಧಾನ ಒಳ್ಳೆಯದು?" ಎಂಬ ಪ್ರಶ್ನೆಯನ್ನು ಫಾರ್ಮಸಿಸ್ಟ್ ಹೀಗೆ ತಿರುಗಿಸಿ ಕೇಳಬೇಕು: ಎಷ್ಟು ಬೇಗ ಬೇಕು, ಎಷ್ಟು ಹೊತ್ತು ಬೇಕು, ಪ್ರತಿಸಲವೂ ಒಂದೇ ಅಳತೆ ಸಿಗುತ್ತದೆಯೇ? ಅಪಸ್ಮಾರಕ್ಕೆ, ಅಂದರೆ ಫಿಟ್ಸ್ ಕಾಯಿಲೆಗೆ, ಬೇಕಾದದ್ದು ದಿನವಿಡೀ ಏರಿಳಿತವಿಲ್ಲದ ಮಟ್ಟ. ಹಾಗಾಗಿ ಹೊಗೆಯ ಮಾತೇ ಇಲ್ಲ, ಅಳೆದು ನುಂಗುವುದೇ ದಾರಿ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಪಿಡಿಯೊಲೆಕ್ಸ್ ಅಂಥದ್ದು, ಶುದ್ಧ ಸಿಬಿಡಿಯ ದ್ರಾವಣ, ಮೊದಲಿಗೆ ಲೆನಾಕ್ಸ್-ಗಸ್ಟಾಟ್ ಮತ್ತು ಡ್ರಾವೆ ಎಂಬ ಎರಡು ತೀವ್ರ ಅಪಸ್ಮಾರಗಳಿಗೆ. ಕೀಮೋಥೆರಪಿಯ ವಾಂತಿಗೆ ಬೇಕಾದದ್ದು ಬೇಗ ಸಿಗುವ ಪರಿಣಾಮ. ಆದರೂ 1985ರಲ್ಲಿ ಒಪ್ಪಿಗೆಯಾದ ಡ್ರೊನಾಬಿನಾಲ್, ಅಂದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿ, ಎಳ್ಳೆಣ್ಣೆ ತುಂಬಿದ ಕ್ಯಾಪ್ಸೂಲ್. ವಾಂತಿ ಮಾಡುವವರಿಗೆ ನುಂಗುವ ಮದ್ದು! ಅದಕ್ಕೇ ಅದನ್ನು ಕೀಮೋಗೆ ಮೊದಲೇ ಕೊಡುತ್ತಾರೆ. ದಾರಿಯ ದೋಷವನ್ನು ಸಮಯದಿಂದ ಸರಿಮಾಡಿಕೊಳ್ಳುವ ಉಪಾಯ ಇದು. ಅದೇ ಗಾಂಜಾವನ್ನು ಬಹುಕಾಲ, ಪದೇಪದೇ ಸೇವಿಸುವವರಲ್ಲಿ ನಿಲ್ಲದ ವಾಂತಿ ಬರುವ, ಬಿಸಿನೀರಿನ ಸ್ನಾನದಿಂದ ಸ್ವಲ್ಪ ತಗ್ಗುವ ಕಾಯಿಲೆಯೂ ಇದೆ. ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ, ಗಮನವಿರಲಿ.

ಯಾವ ದಾರಿಯೂ ಸಲ್ಲದವರಿದ್ದಾರೆ: ಗರ್ಭಿಣಿಯರು, ಎದೆಹಾಲುಣಿಸುವವರು, ಮಿದುಳು ಇನ್ನೂ ಬೆಳೆಯುತ್ತಿರುವ ಹದಿಹರೆಯದವರು, ಮನೆತನದಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಇರುವವರು. ಮೇಲೆ ಹೇಳಿದ ಅಪಸ್ಮಾರದ ಮದ್ದು ವೈದ್ಯರ ಕಣ್ಣಳತೆಯಲ್ಲಿ ಮಕ್ಕಳಿಗೆ ಕೊಡುವುದು, ಅದು ಬೇರೆ ಮಾತು. ಬೇರೆ ಮಾತ್ರೆಗಳ ಜೊತೆಗಿನ ಜಗಳವೂ ಉಂಟು. ಫಿಟ್ಸ್ ಮಾತ್ರೆಯಾದ ಕ್ಲೊಬಜಾಮ್‌ನಿಂದ ದೇಹದಲ್ಲಿ ಹುಟ್ಟುವ ಸಕ್ರಿಯ ವಸ್ತುವನ್ನು ಸಿಬಿಡಿ ರಕ್ತದಲ್ಲಿ ಏರಿಸಿ ಮಂಪರು ತರುತ್ತದೆ, ಇನ್ನೊಂದು ಫಿಟ್ಸ್ ಮದ್ದು ವಾಲ್ಪ್ರೊಯೇಟ್ ಜೊತೆ ಸೇರಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಕಾನೂನಿನ ನಾಲ್ಕು ಸಾಲು

ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಸೇವನೆಯ ದಾರಿಯನ್ನು ನೋಡುವುದಿಲ್ಲ, ಗಿಡದ ಭಾಗವನ್ನು ನೋಡುತ್ತದೆ. ಹೂತೆನೆ ಗಾಂಜಾ, ರಾಳ ಚರಸ್, ಎರಡೂ ನಿಷಿದ್ಧ. ಹೂತೆನೆಯ ಜೊತೆಗಿಲ್ಲದ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಅದಕ್ಕೇ ಎಲೆಯಿಂದಾದ ವಿಜಯಾ ಮದ್ದುಗಳು ಅಂಗಡಿಗೆ ಬಂದಿವೆ. ಆದರೆ ಎಲೆಗೆ ರಾಜ್ಯದ ಅಬಕಾರಿ ನಿಯಮಗಳು ಬೇರೆ ಇವೆ, ಔಷಧ ನಿಯಮಗಳ ಇ-1 ಪಟ್ಟಿಯಲ್ಲಿ ಭಂಗಿ ವಿಷವಸ್ತುಗಳ ಸಾಲಿನಲ್ಲಿದೆ, ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು. ಗಾಂಜಾದ 'ಅಲ್ಪ ಪ್ರಮಾಣ' 1 ಕಿಲೋ ಎಂದರೆ ಅಷ್ಟಿಟ್ಟುಕೊಳ್ಳಲು ಅನುಮತಿ ಎಂದು ನಮ್ಮ ತರಗತಿಯಲ್ಲೇ ಒಬ್ಬರು ತಿಳಿದಿದ್ದರು. ಅಲ್ಲ, ಅದು ಶಿಕ್ಷೆಯ ಮೆಟ್ಟಿಲಿನ ಲೆಕ್ಕ, ಒಂದು ವರ್ಷದವರೆಗೆ ಜೈಲಾಗಬಹುದು. ಬಿಡಲಾಗದ ಸ್ಥಿತಿಗೆ ಬಂದವರು ಸಹಾಯಕ್ಕೆ 14446ಕ್ಕೆ ಕರೆ ಮಾಡಬಹುದು.

ಒಂದು ಲೆಕ್ಕ

20 ಕಿಲೋ ತೂಕದ ಮಗುವಿಗೆ ನರರೋಗ ತಜ್ಞರು ಶುದ್ಧ ಸಿಬಿಡಿ ದ್ರಾವಣವನ್ನು ಕಿಲೋಗೆ 2.5 ಮಿಗ್ರಾಂನಂತೆ ದಿನಕ್ಕೆ ಎರಡು ಬಾರಿ ಬರೆದಿದ್ದಾರೆ. ಒಂದು ಸಲಕ್ಕೆ 20 × 2.5 = 50 ಮಿಗ್ರಾಂ. ದ್ರಾವಣದ ಸಾಂದ್ರತೆ ಮಿಲಿಗೆ 100 ಮಿಗ್ರಾಂ. ಆದ್ದರಿಂದ ಒಂದು ಸಲಕ್ಕೆ 0.5 ಮಿಲಿ. ಹನಿ ಎಣಿಸಬಾರದು, ಎಣ್ಣೆಯ ಹನಿಗೂ ನೀರಿನ ಹನಿಗೂ ಗಾತ್ರ ಬೇರೆ. ಬಾಯಿಗೆ ಬಿಡುವ ಸಿರಿಂಜನ್ನೇ ಬಳಸಬೇಕು.

ಈಗ ಇದೇ ಲೆಕ್ಕವನ್ನು ಯಜಮಾನರ ಸೀಸೆಗೆ ಹಾಕಿ ನೋಡಿ. 30 ಮಿಲಿಗೆ 1500 ಮಿಗ್ರಾಂ, ಅಂದರೆ ಮಿಲಿಗೆ 50 ಮಿಗ್ರಾಂ. ಹಾಗಾದರೆ 1 ಮಿಲಿ ಎಂದು ಬರೆದರೆ ಸೊನ್ನೆ ಅಂಕ. 1500 ಮಿಗ್ರಾಂ ಎಂದಿದ್ದದ್ದು ಸತ್ವದ ತೂಕ. ಅದರಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂದು ಸೀಸೆಯ ಮೇಲೆ ಎಲ್ಲೂ ಇರಲಿಲ್ಲ. ಹಿರಿಯರು ಸೀಸೆಯನ್ನು ಅವರ ಕೈಗೆ ಹಿಂದಿರುಗಿಸಿ, ಹುಡುಗ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಕೇಳಿದರು. ಅದರಲ್ಲಿ ಕ್ಲೊಬಜಾಮ್ ಇತ್ತು, ವಾಲ್ಪ್ರೊಯೇಟೂ ಇತ್ತು. "ಈ ಮಾತ್ರೆಗಳನ್ನು ನಿಲ್ಲಿಸಬೇಡಿ ಯಜಮಾನರೇ, ಇದನ್ನು ಶುರು ಮಾಡಬೇಡಿ. ಎರಡನ್ನೂ ಹಿಡಿದುಕೊಂಡು ನರರೋಗದ ಡಾಕ್ಟರ ಹತ್ತಿರ ಹೋಗಿ" ಎಂದು, ಹೊರರೋಗಿ ವಿಭಾಗದ ಕೋಣೆಯ ಸಂಖ್ಯೆಯನ್ನು ಚೀಟಿಯ ಹಿಂಬದಿಯಲ್ಲೇ ಬರೆದುಕೊಟ್ಟರು. ಯಜಮಾನರು ಸೀಸೆಯನ್ನೂ ಚೀಟಿಯನ್ನೂ ಸೇರಿಸಿ ಟವೆಲಿಗೆ ಮತ್ತೆ ಗಂಟು ಹಾಕಿಕೊಂಡು ಮೆಟ್ಟಿಲು ಹತ್ತಿದರು.