ಮೇಜರ್ ಮರೆತರೆ ಯಾರೂ ಪ್ರಶ್ನೆ ಕೇಳಲ್ಲ

ಹಾಸ್ಯ ಧಾರಾವಾಹಿಗಳ ಸ್ಕ್ರಿಪ್ಟ್ ತಿದ್ದುವುದು ನನ್ನ ಕೆಲಸ. ಬರುವ ಸ್ಕ್ರಿಪ್ಟುಗಳಿಗೆಲ್ಲ ಒಂದೇ ರೋಗ. ಪಕ್ಕದ ಮನೆಯವರು, ವಾಚ್‌ಮನ್, ಹಾಲಿನವನು ಬರುತ್ತಾರೆ, ಒಂದು ಜೋಕ್ ಹೇಳುತ್ತಾರೆ, ಹೋಗುತ್ತಾರೆ. ಯಾಕಪ್ಪಾ ಇವರೆಲ್ಲ ಎಂದರೆ, "ಸುಮ್ನೆ, ನಗು ಬರಲಿ ಅಂತ ಸಾರ್." ಬಜೆಟ್ ಜಾಸ್ತಿ ಆಯಿತು ಎಂದಾಗ ಮೊದಲು ಕತ್ತರಿ ಬೀಳುವುದೂ ಇವರಿಗೇ. ತೆಗೆದರೂ ಕತೆಗೆ ಏನೂ ಆಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ಬಿಬಿಸಿಯ ಹಾಸ್ಯ ಧಾರಾವಾಹಿ 'ಫಾಲ್ಟಿ ಟವರ್ಸ್' ನೋಡಿ. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು 12 ಕಂತು ಅಷ್ಟೇ. ಇಂಗ್ಲೆಂಡಿನ ಟಾರ್ಕಿ ಊರಿನ ಹೋಟೆಲು, ಸಿಡುಕು ಮಾಲೀಕ ಬೇಸಿಲ್, ಅವನನ್ನು ಹದ್ದುಬಸ್ತಿನಲ್ಲಿಡುವ ಹೆಂಡತಿ ಸಿಬಿಲ್. ಅಲ್ಲೇ ಕಾಯಂ ಬೀಡುಬಿಟ್ಟ ಒಬ್ಬ ಮುದುಕ ಮೇಜರ್. ಪೇಪರ್ ಬಂತಾ ಎನ್ನುತ್ತಾನೆ, ಕ್ರಿಕೆಟ್ ಮಾತಾಡುತ್ತಾನೆ, ಎಲ್ಲ ಮರೆಯುತ್ತಾನೆ. ಆ ಪಾತ್ರವನ್ನು ನಟ ಬ್ಯಾಲರ್ಡ್ ಬರ್ಕ್ಲಿ ಎಷ್ಟು ಮುದ್ದಾಗಿ ಮಾಡಿದ್ದಾರೆಂದರೆ ಆ ಮರೆವಿಗೆ ನಾವು ನಗುತ್ತಲೇ ಒಗ್ಗಿಬಿಡುತ್ತೇವೆ. 1979ರ ಒಂದು ಕಂತಿನಲ್ಲಿ ಬೇಸಿಲ್ ಹೆಂಡತಿಗೆ ಗೊತ್ತಾಗದ ಹಾಗೆ ಕುದುರೆ ಬಾಜಿಯಲ್ಲಿ ದುಡ್ಡು ಗೆದ್ದು, ಬಚ್ಚಿಡಲು ಮೇಜರ್ ಕೈಗೆ ಕೊಡುತ್ತಾನೆ. ಮೇಜರ್ ಮರೆಯುತ್ತಾನೆ. ನೆನಪಾಗುವುದು ಯಾವಾಗ? ಸಿಬಿಲ್ ಎದುರಿಗಿದ್ದಾಗ!

ಬಾಯಿ ನೋಯುವಷ್ಟು ನಾನು ಹೇಳುವುದು ಇದನ್ನೇ. ಮೊದಲು ನಗಿಸಿದ ಗುಣವೇ ಆಮೇಲೆ ಕತೆಯ ಕೀಲು ಆಗಬೇಕು. ಅದೇ ಕಂತಿಗೆ ಬಂದ ಹೊಸಬನೊಬ್ಬ ದುಡ್ಡು ಮರೆತಿದ್ದರೆ, ಬರೆದವರು ತಮ್ಮ ಅನುಕೂಲಕ್ಕೆ ಮರೆಸಿದರು ಅನ್ನಿಸುತ್ತಿತ್ತು. ಮೇಜರ್ ಮರೆತರೆ ಯಾರೂ ಕೇಳುವುದಿಲ್ಲ. ನಗು ಎಂದುಕೊಂಡು ನಾವು ಒಪ್ಪಿದ್ದು, ಅವನು ಮರೆಯುವವನೇ ಎಂಬುದಕ್ಕೆ ಸಾಕ್ಷಿಯೂ ಆಗಿತ್ತು, ಅಲ್ವಾ? ಅದಕ್ಕೆ ಗುಣ ಒಂದೇ ಸಾಕು. ಸ್ಕ್ರಿಪ್ಟ್ ಬರೆಯುವ ನಮ್ಮ ಹುಡುಗರು ವಾಚ್‌ಮನ್ನಿಗೂ ಹಳೇ ಪ್ರೇಮ, ಸಾಲ, ತಾಯಿಯ ಆಪರೇಷನ್ ಎಲ್ಲ ಅಂಟಿಸಿ ತರುತ್ತಾರೆ. ಪಾಪ, ಪ್ರೀತಿಯಿಂದಲೇ.

ಹಾಗೆಂದು ಬಂದವರೆಲ್ಲ ಎರಡನೇ ಕಂತಿನಲ್ಲೇ ಕತೆ ತಿರುಗಿಸಬೇಕು ಎಂದೇನೂ ಇಲ್ಲ. ಅಮೆರಿಕದ ಧಾರಾವಾಹಿ 'ಫ್ರೆಂಡ್ಸ್'ನ ಗಂಥರ್ ಗೊತ್ತಲ್ಲ, ಕಾಫಿ ಅಂಗಡಿಯವನು. ನಟ ಜೇಮ್ಸ್ ಮೈಕಲ್ ಟೈಲರ್ ಅವರಿಗೆ ಆ ಜಾಗ ಸಿಕ್ಕಿದ್ದೇ ಕಾಫಿ ಮಷಿನ್ ನಡೆಸಲು ಬರುತ್ತಿತ್ತು ಎಂಬ ಕಾರಣಕ್ಕೆ. ಮೊದಲ ಸೀಸನ್ ಪೂರ್ತಿ ಒಂದು ಮಾತೂ ಇಲ್ಲ. ಆಮೇಲೆ ನಾಯಕಿಯರಲ್ಲೊಬ್ಬಳಾದ ರೇಚಲ್ ಮೇಲೆ ಹೇಳಿಕೊಳ್ಳಲಾಗದ ಪ್ರೀತಿ, ನಮಗೆ ತಮಾಷೆ. 1997ರ ಒಂದು ಕಂತಿನಲ್ಲಿ ರೇಚಲ್‌ಳ ಪ್ರಿಯಕರ ರಾಸ್ ಬೇರೊಬ್ಬಳ ಜೊತೆ ರಾತ್ರಿ ಕಳೆದು, ಸುದ್ದಿ ಯಾರ ಬಾಯಿಂದಲೂ ರೇಚಲ್‌ಗೆ ತಲುಪದಿರಲಿ ಎಂದು ಒಬ್ಬೊಬ್ಬರ ಹಿಂದೆ ಓಡುತ್ತಾನೆ. ಕೊನೆಗೆ ಗಂಥರ್ ಹತ್ತಿರ ಬರುವಷ್ಟರಲ್ಲಿ, ಅವನು ರೇಚಲ್‌ಗೆ ಹೇಳಿ ಆಗಿರುತ್ತದೆ.